ನಾಲ್ಕನೇ ಜ್ವರದ ಹೊತ್ತಿಗೆ

ಸುತ್ತೋಲೆ ಬಂದದ್ದು ಮಂಗಳವಾರ, ಹನ್ನೊಂದು ಪುಟ.
ಪ್ರಿಂಟರಿನ ಮಸಿ ಮುಗಿಯುತ್ತಿತ್ತು,
ಏಳನೇ ಪುಟದಿಂದಾಚೆ ನಿಯಮಗಳೆಲ್ಲ ಬೂದಿ ಬಣ್ಣ.
ಚೌಡಪ್ಪ ಹಳೆಯದರ ಮೇಲೇ ಅಂಟಿಸಿದ.
ಅದರ ಕೆಳಗೆ ಹೋದ ವರ್ಷದ್ದು, ಅದರ ಕೆಳಗೆ ಅದರ ಹಿಂದಿನದು.
ಮೈದಾ ಅಂಟು ತಿನ್ನಲು ರಾತ್ರಿ ಬರುವ ಜಿರಲೆಗೆ
ಎಲ್ಲ ಸ್ಕೀಮುಗಳೂ ಬಾಯಿಪಾಠವಾಗಿರಬೇಕು.

ಶಿಡ್ಲಘಟ್ಟದ ಈ ಕಾಲೇಜಿನಲ್ಲಿ ಪರೀಕ್ಷಾ ವಿಭಾಗವೆಂದರೆ
ನಾನು, ಒಂದು ಬೀರು, ಕಾಲು ಅಲ್ಲಾಡುವ ಮೇಜು.
ಕಿಟಕಿಯ ಸರಳಿಗೆ ಒತ್ತಿಕೊಂಡ ಹಣೆಗಳು.
'ಮೇಡಂ, ಇಂಟರ್ನಲ್ ನಲವತ್ತೋ ಇಪ್ಪತ್ತೋ?'
'ಇಪ್ಪತ್ತು.'
'ಹೋದ್ಸಲ ನಲವತ್ತಿತ್ತಲ್ಲ?'
'ಅದು ಹೋದ್ಸಲ.'
'ಗ್ರೇಸು?'
'ಹತ್ತನೇ ಪುಟ ಓದಪ್ಪ, ಕಾಣಿಸಿದರೆ.'

ನವಾಜ್ ಪಾಷ ಏನೂ ಕೇಳಲಿಲ್ಲ.
ರಾತ್ರಿಯಿಡೀ ಅಪ್ಪನ ಫಿಲೇಚರಿನಲ್ಲಿ
ಕುದಿನೀರಿನ ಬಾಣಲೆಗೆ ಬೆರಳದ್ದಿ ಎಳೆಯ ತುದಿ ಹುಡುಕುವವನು.
ಚರ್ಮ ಬೆಂದು ಬಿಳಿಚಿ ಗೆರೆಗಳೇ ಅಳಿಸಿ,
ಹಾಜರಿ ಯಂತ್ರ ಅವನ ಹೆಬ್ಬೆಟ್ಟನ್ನು ಒಪ್ಪುವುದಿಲ್ಲ.
ಬೇಕಾದ್ದು ಎಪ್ಪತ್ತೈದು, ಇರುವುದು ಎಪ್ಪತ್ತೊಂದು.
ಬಂದ ದಿನವೂ ಬಾರದವನು.

ಮಧ್ಯಾಹ್ನ ಆಂಜಿನಮ್ಮ ಬಂದಳು, ಮಗಳನ್ನು ಕರೆದುಕೊಂಡು.
ಸೆರಗಿನ ತುಂಬ ಸುಣ್ಣದ ಪುಡಿ, ಕೈಯಲ್ಲಿ ಹಿಪ್ಪುನೇರಳೆಯ ಹಸಿ ವಾಸನೆ.
'ಮನೇಲಿ ನಾಲ್ಕನೇ ಜ್ವರ ಮೇಡಂ, ಸಾಯಂಕಾಲಕ್ಕೆ ಏಳ್ತವೆ.
ಎರಡೂವರೆ ಬಸ್ಸು ತಪ್ಪಿದ್ರೆ ಸೊಪ್ಪು ಹಾಕೋರಿಲ್ಲ.
ಬೇಗ ಹೇಳಿ, ನಮ್ಮ ಭಾರ್ಗವಿ ಮೂರನೇ ವರ್ಷಕ್ಕೆ ಹೋಗ್ತಾಳಾ ಇಲ್ವಾ?'

ಬೂದಿ ಅಕ್ಷರಗಳನ್ನು ಬೆಳಕಿಗೆ ಹಿಡಿದು ಓದಿ ಹೇಳಿದೆ:
ಮೊದಲ ವರ್ಷದ್ದೆಲ್ಲ ಪಾಸಾಗದೆ ಮೂರನೆಯದಕ್ಕೆ
ಕಾಲಿಡುವಂತಿರಲಿಲ್ಲ, ಇನ್ನು ಮೇಲೆ ಇಡಬಹುದು,
ಬಾಕಿ ವಿಷಯ ನಾಲ್ಕು ಮೀರದಿದ್ದರೆ.
ಭಾರ್ಗವಿ ಸರಳು ಹಿಡಿದಿದ್ದ ಕೈ ಬಿಟ್ಟಳು.
'ಐದು.'
ಐದನೆಯದು ಸಂಖ್ಯಾಶಾಸ್ತ್ರ.
ಬೇಕಿದ್ದದ್ದು ಇಪ್ಪತ್ತೊಂದು, ಬಂದದ್ದು ಇಪ್ಪತ್ತು.

ಆಂಜಿನಮ್ಮ ಅಳಲಿಲ್ಲ, ಕೈ ಮುಗಿಯಲಿಲ್ಲ,
ನನಗೇ ತಿಳಿಯದ್ದೇನನ್ನೋ ತಿಳಿಸಿ ಹೋಗುವವಳಂತೆ ಅಂದಳು:
'ಹುಳ ಎಲ್ಲಾ ಒಟ್ಟಿಗೇ ಏಳ್ತವಾ?
ತೊಂಬತ್ತು ಎದ್ದಿರ್ತವೆ, ಹತ್ತು ತಲೆ ಎತ್ಕೊಂಡು ಹಂಗೇ ಮಲಗಿರ್ತವೆ.
ಎದ್ದಿದ್ದಕ್ಕೆ ಅಂತ ಆಗ್ಲೇ ಸೊಪ್ಪು ಸುರಿದ್ರೆ
ಮಲಗಿದ್ದು ಅಡಿಗೆ ಸಿಕ್ಕೊಂಡು ಸಾಯ್ತವೆ.
ಕಾಯ್ತೀವಿ. ಸುಣ್ಣ ಉದುರಿಸ್ತೀವಿ.
ಆಮೇಲೂ ಏಳದಿದ್ದನ್ನ ಆರಿಸಿ ಬೇರೆ ತಟ್ಟೆಗೆ ಹಾಕಿ ಎಳೇ ಸೊಪ್ಪು ಕೊಡ್ತೀವಿ.
ಒಂದಿನ ತಡ, ಅಷ್ಟೇ.
ಮಾರ್ಕೆಟ್ನಲ್ಲಿ ಗೂಡು ಕೂಗೋವಾಗ
ಯಾರಾದ್ರೂ ಕೇಳ್ತಾರಾ, ಇದು ಯಾವ ತಟ್ಟೇದು ಅಂತ?'

ಹೊಸ್ತಿಲು ದಾಟಿ ನಿಂತು, ತಾನೇ ತಿದ್ದಿಕೊಂಡಳು:
'ಎಲ್ಲವೂ ಕಟ್ಟಲ್ಲ ಅನ್ನಿ. ಸುಳ್ಳು ಹೇಳಬಾರ್ದು.'

ಮರುಮೌಲ್ಯಮಾಪನಕ್ಕೆ ಕೊನೇ ದಿನ ಶುಕ್ರವಾರ, ಶುಲ್ಕ ಏಳುನೂರೈವತ್ತು.
ಅವಳ ಗೂಡಿಗೆ ಇನ್ನೂ ಹತ್ತು ದಿನ.
ವಿಶ್ವವಿದ್ಯಾಲಯಕ್ಕೆ ಫೋನು ಮಾಡಿದೆ. ಮೂರು ಸಲ ಗಂಟೆ ಬಡಿದು ಕಡಿಯಿತು,
ನಾಲ್ಕನೇ ಸಲ ಎತ್ತಿದಾತ ಏನೋ ಅಗಿಯುತ್ತಿದ್ದ.
'ಸುತ್ತೋಲೆ ನೋಡಿ ಮೇಡಂ.'
'ನೋಡಿಯೇ ಕೇಳ್ತಿದೀನಿ.'
'ತಿದ್ದುಪಡಿ ಬರಬಹುದು.'
'ಯಾವಾಗ?'
'ಬಂದಾಗ.'

ಐದೂವರೆಗೆ ಚೌಡಪ್ಪ ಬೀಗದ ಕೈ ಅಲ್ಲಾಡಿಸಿದ.
ನನ್ನ ಬೀರುವಿನಲ್ಲಿ ಇರುವುದು ಎರಡೇ ಕಡತ:
ಅರ್ಹರು, ಅನರ್ಹರು.
ಮೂರನೆಯದೊಂದು ಹಳೇ ರಟ್ಟು ಸಿಕ್ಕಿತು, ದಾರವೂ ಸಿಕ್ಕಿತು.
ಭಾರ್ಗವಿಯ ಅರ್ಜಿ ಇಟ್ಟೆ, ಅದರ ಮೇಲೆ ನವಾಜನದು.
ಷರಾ ಅಂಕಣದಲ್ಲಿ, ಪೆನ್ಸಿಲಿನಲ್ಲಿ, ಸಣ್ಣಗೆ ಬರೆದೆ:
ಜ್ವರದಲ್ಲಿದೆ.

ಪ್ರಿನ್ಸಿಪಾಲರು ಕೇಳಿದರೆ ಏನೆಂದು ಹೇಳಲಿ, ಗೊತ್ತಿಲ್ಲ.
ಶುಕ್ರವಾರಕ್ಕೆ ಇನ್ನೂ ಮೂರು ದಿನ.
ರಬ್ಬರು ಡ್ರಾಯರಿನಲ್ಲಿದೆ.